ಮೆಟ್ಟಿಲ ಮೇಲೆ ಕಾಲು ಡಾಲರ್ ಪತ್ರಿಕೆ

1948ರ ಜನವರಿ ಕೊನೆಯ ವಾರ. ಲಾಸ್ ಏಂಜಲೀಸ್‌ನ ಎಕ್ಸ್‌ಪೊಸಿಷನ್ ಪಾರ್ಕ್‌ನಲ್ಲಿ ನ್ಯಾಷನಲ್ ಗಾರ್ಡ್ ಆರ್ಮರಿ ಅಂತ ಒಂದು ದೊಡ್ಡ ಕಟ್ಟಡ. ಮೀಸಲು ಸೈನಿಕರು ಕವಾಯತು ಮಾಡುವ ಜಾಗ. 23ರಿಂದ 25ರವರೆಗೆ ಮೂರು ದಿನ ಅದರೊಳಗೆ ಕವಾಯತು ಇಲ್ಲ, ಕಾರುಗಳಿವೆ. ಮಡ್‌ಗಾರ್ಡ್ ಕಿತ್ತ, ಮೈ ತಗ್ಗಿಸಿದ, ಎಂಜಿನ್ನಿಗೆ ಮುಚ್ಚಳವೂ ಇಲ್ಲದ ಹಳೇ ಫೋರ್ಡ್ ಕಾರುಗಳು. ಹೊರಗೆ ಮೆಟ್ಟಿಲ ಮೇಲೆ 21 ವರ್ಷದ ಒಬ್ಬ ಹುಡುಗ ತೆಳ್ಳಗಿನ ಪತ್ರಿಕೆಯೊಂದನ್ನು ಹಿಡಿದು ಬಂದವರಿಗೆಲ್ಲ ಮಾರುತ್ತಿದ್ದಾನೆ. 24 ಪುಟ, ಬೆಲೆ 25 ಸೆಂಟ್. ಅಂದ್ರೆ ಕಾಲು ಡಾಲರ್.

ಪತ್ರಿಕೆಯ ಹೆಸರು 'ಹಾಟ್ ರಾಡ್'. ಹುಡುಗನ ಹೆಸರು ರಾಬರ್ಟ್ ಪೀಟರ್ಸನ್. ಗೆಳೆಯರಿಗೆ 'ಪೀಟ್'. ಒಳಗಿನ ಪ್ರದರ್ಶನಕ್ಕೆ ಜನ ಸೇರಿಸುವ ಪ್ರಚಾರದ ಕೆಲಸ ಹೊತ್ತಿದ್ದವನೂ ಅವನೇ.

ಈ ಹೆಸರನ್ನು ನಮ್ಮಲ್ಲಿ ಹೆಚ್ಚು ಜನ ಕೇಳಿರಲಿಕ್ಕಿಲ್ಲ. ಕಾರು ಬೈಕು ಅಂದ್ರೆ ಪ್ರಾಣ ಬಿಡುವ ಗೆಳೆಯರಿಗೂ 'ಮೋಟರ್ ಟ್ರೆಂಡ್' ಪತ್ರಿಕೆ ಗೊತ್ತು, ಅದನ್ನು ಶುರು ಮಾಡಿದವರು ಗೊತ್ತಿಲ್ಲ. 2026ಕ್ಕೆ ಅವರು ಹುಟ್ಟಿ ನೂರು ವರ್ಷ. ಅದಕ್ಕೇ ಈ ಸಲದ ಅಂಕಣ ಪೀಟರ್ಸನ್ ನೆನಪಿಗೆ.

ನನಗೂ ಇದಕ್ಕೂ ಏನು ಸಂಬಂಧ ಅಂತೀರಾ? ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಅನ್ನ ಹುಟ್ಟುವುದು ಜಾವಾದಿಂದ. ಮೈಸೂರಲ್ಲಿ ತಯಾರಾಗುತ್ತಿದ್ದ ಜಾವಾ ಅಲ್ಲ, ಕೋಡ್ ಬರೆಯುವ ಜಾವಾ. ನಮ್ಮ ಬ್ಯಾಚಿನ ಮುಕ್ಕಾಲು ಪಾಲು ಜನರದ್ದೂ ಇದೇ ಕಥೆ. ಕೈಗೆ ಗ್ರೀಸ್ ಹತ್ತಿಸಿಕೊಳ್ಳುವ ಆಸೆಯಿಂದ ಕಾಲೇಜಿಗೆ ಹೋದವರು, ಕ್ಯಾಂಪಸ್ ಸೆಲೆಕ್ಷನ್ ಮುಗಿಸಿ ಹೊರಬಂದಾಗ ಕೈಯಲ್ಲಿ ಲ್ಯಾಪ್‌ಟಾಪ್. ಹಾಗಾಗಿ ಹಾಟ್ ರಾಡ್ ಹುಡುಗರ ಕಥೆ ಓದುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚು, ಸ್ವಲ್ಪ ಖುಷಿ ಎರಡೂ ಆಗುತ್ತೆ.

ಮೊದಲು, ಹಾಟ್ ರಾಡ್ ಅಂದ್ರೆ ಏನು?

ಹಳೇ ಕಾರನ್ನು ಕಡಿಮೆ ದುಡ್ಡಿಗೆ ಕೊಂಡು, ಬೇಡದ್ದನ್ನೆಲ್ಲ ಕಿತ್ತೆಸೆದು, ಎಂಜಿನ್ನಿನ ಕಸುವು ಹೆಚ್ಚಿಸಿ, ಕಂಪನಿಯವರು ಕನಸಲ್ಲೂ ಎಣಿಸದ ವೇಗಕ್ಕೆ ಓಡಿಸುವುದು. ಇಷ್ಟೇ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಿದ ಹಾಗೆ.

ಇದಕ್ಕೆ ಸಾಮಾನು ಒದಗಿಸಿದ್ದು ಫೋರ್ಡ್ ಕಂಪನಿ, ತನಗೇ ಗೊತ್ತಿಲ್ಲದಂತೆ. 1908ರಿಂದ 1927ರವರೆಗೆ ಬಂದ ಮಾಡೆಲ್ ಟಿ, ಅದಾದ ಮೇಲೆ ಬಂದ ಮಾಡೆಲ್ ಎ, ಇವು ಅಮೆರಿಕದ ಗುಜರಿ ಅಂಗಡಿಗಳಲ್ಲೆಲ್ಲ ಸಿಗುತ್ತಿದ್ದವು. 1932ರಲ್ಲಿ ಫೋರ್ಡ್ ಎಂಟು ಸಿಲಿಂಡರಿನ ವಿ8 ಎಂಜಿನ್ ತಂದಿತು. 3.6 ಲೀಟರ್, 65 ಅಶ್ವಶಕ್ತಿ. ಅಲ್ಲಿಯವರೆಗೆ ವಿ8 ಶ್ರೀಮಂತರ ಸೊತ್ತು. ಈಗ ಸಾಮಾನ್ಯ ಸಂಬಳದವನ ಕೈಗೂ ಎಟುಕಿತು. ಹಳೇ ಮಾಡೆಲ್‌ನ ಹಗುರ ಮೈಗೆ ಈ ಹೊಸ ಎಂಜಿನ್ ಕೂರಿಸಿದರೆ ಏನಾಗುತ್ತೆ ಅನ್ನುವುದಕ್ಕೆ ಪಿಯುಸಿ ಫಿಸಿಕ್ಸ್ ಸಾಕು. ತೂಕ ಕಡಿಮೆ, ತಳ್ಳುವ ಬಲ ಜಾಸ್ತಿ.

ಅಷ್ಟಕ್ಕೇ ಬಿಡುತ್ತಿರಲಿಲ್ಲ. ಸಿಲಿಂಡರ್ ಹೆಡ್ಡಿನ ಅಡಿಭಾಗವನ್ನು ಯಂತ್ರದಲ್ಲಿ ತುಸು ಉಜ್ಜಿ ತೆಗೆಯುತ್ತಿದ್ದರು. ಆಗ ಇಂಧನ ಉರಿಯುವ ಜಾಗ ಚಿಕ್ಕದಾಗುತ್ತೆ, ಅದೇ ಗಾಳಿ ಪೆಟ್ರೋಲು ಮೊದಲಿಗಿಂತ ಹೆಚ್ಚು ಒತ್ತಡಕ್ಕೆ ಸಿಕ್ಕಿ ಉರಿಯುತ್ತೆ, ಪಿಸ್ಟನ್ನಿಗೆ ಬೀಳುವ ಏಟು ಜೋರಾಗುತ್ತೆ. ಒಂದು ಕಾರ್ಬುರೇಟರ್ ಇದ್ದಲ್ಲಿ ಎರಡು. ಕ್ಯಾಮ್ ಶಾಫ್ಟಿನ ಉಬ್ಬುಗಳನ್ನು ಬೇರೆ ಆಕಾರಕ್ಕೆ ತಿದ್ದಿ ವಾಲ್ವ್ ಹೆಚ್ಚು ಹೊತ್ತು ತೆರೆದಿರುವಂತೆ ಮಾಡುವುದು. ಛಾವಣಿಯ ಕಂಬಗಳನ್ನು ಕತ್ತರಿಸಿ ಕಾರಿನ ಎತ್ತರ ಇಳಿಸುವುದು. ಎಲ್ಲವೂ ಮನೆಯ ಹಿಂದಿನ ಶೆಡ್ಡಿನಲ್ಲಿ, ಪುಸ್ತಕ ನೋಡದೆ, ಒಬ್ಬರಿಂದ ಒಬ್ಬರು ಕಲಿತು.

ಓಡಿಸಲು ಜಾಗ? ಲಾಸ್ ಏಂಜಲೀಸ್‌ನಿಂದ ಒಂದಷ್ಟು ದೂರ ಹೋದರೆ ಮೊಹಾವಿ ಮರುಭೂಮಿ. ಅಲ್ಲಿ ಮ್ಯೂರಾಕ್, ಎಲ್ ಮಿರಾಜ್ ಅನ್ನುವ ಬತ್ತಿದ ಕೆರೆಗಳು. ಮೈಲಿಗಟ್ಟಲೆ ಒಣಗಿ ಗಟ್ಟಿಯಾದ ಮಣ್ಣು, ಅಂಗೈಯಷ್ಟು ಸಮತಟ್ಟು. 1937ರಲ್ಲಿ ಹಲವು ಕ್ಲಬ್‌ಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು. ಹೆಸರಲ್ಲೇ ಇದೆ ನೋಡಿ, ಅವರ ಮುಖ್ಯ ಕೆಲಸ ಸಮಯ ಅಳೆಯುವುದು. ನನ್ನ ಕಾರೇ ಜೋರು ಅಂತ ಬಾಯಲ್ಲಿ ಹೇಳಿದರೆ ಆಗಲ್ಲ, ಗಡಿಯಾರದ ಮುಂದೆ ಓಡಿಸಿ ತೋರಿಸಬೇಕು.

ಎರಡನೇ ಮಹಾಯುದ್ಧ ಬಂತು. ಮ್ಯೂರಾಕ್ ಸೈನ್ಯದ ಪಾಲಾಯಿತು. ಇವತ್ತಿನ ಎಡ್ವರ್ಡ್ಸ್ ವಾಯುನೆಲೆ ಇರುವುದು ಅಲ್ಲೇ. ಯುದ್ಧ ಮುಗಿಸಿ ಬಂದ ಹುಡುಗರ ಕೈಯಲ್ಲಿ ಸ್ವಲ್ಪ ದುಡ್ಡಿತ್ತು, ವಿಮಾನ ಟ್ಯಾಂಕರ್ ರಿಪೇರಿ ಮಾಡಿ ಕಲಿತ ವಿದ್ಯೆ ಇತ್ತು. ಮರುಭೂಮಿಯವರೆಗೆ ಹೋಗುವ ತಾಳ್ಮೆ ಎಲ್ಲರಿಗೂ ಇರಲಿಲ್ಲ. ರಾತ್ರಿ ಊರ ಬೀದಿಗಳಲ್ಲೇ ರೇಸ್ ಶುರುವಾಯಿತು. ಅಪಘಾತಗಳಾದವು. ಪತ್ರಿಕೆಗಳಿಗೆ 'ಹಾಟ್ ರಾಡರ್' ಅಂದ್ರೆ ಪುಂಡ ಅಂತಲೇ ಅರ್ಥ. ಇಂಥ ಗಾಡಿಗಳನ್ನೇ ನಿಷೇಧಿಸಬೇಕು ಅನ್ನುವ ಕೂಗೂ ಎದ್ದಿತು.

ಮರುಭೂಮಿಯ ಊರಿನ ಹುಡುಗ

ಪೀಟರ್ಸನ್ ಹುಟ್ಟಿದ್ದು 1926ರ ಸೆಪ್ಟೆಂಬರ್ 10ರಂದು ಲಾಸ್ ಏಂಜಲೀಸ್‌ನಲ್ಲಿ. ಅಪ್ಪ ಡೆನ್ಮಾರ್ಕಿನಿಂದ ಬಂದವರು, ಲಾರಿ ಮತ್ತು ಯಂತ್ರಗಳ ಮೆಕ್ಯಾನಿಕ್. ಹುಡುಗನಿಗೆ ಹತ್ತು ವರ್ಷವಿದ್ದಾಗ ತಾಯಿ ಕ್ಷಯದಿಂದ ತೀರಿಕೊಂಡರು. ಅಪ್ಪನ ಕೆಲಸದ ಹಿಂದೆ ಊರೂರು ಅಲೆದು, ಬಾರ್‌ಸ್ಟೋ ಎಂಬ ಮರುಭೂಮಿಯ ಊರಿನಲ್ಲಿ ಶಾಲೆ ಮುಗಿಸಿದ. ವೆಲ್ಡಿಂಗು, ಎಂಜಿನ್ ಬಿಚ್ಚಿ ಜೋಡಿಸುವುದು ಎಲ್ಲ ಅಪ್ಪನ ಪಕ್ಕ ನಿಂತು ಕಲಿತದ್ದು.

ಶಾಲೆ ಮುಗಿದ ಮೇಲೆ ಲಾಸ್ ಏಂಜಲೀಸ್‌ಗೆ ಬಂದು ಎಂಜಿಎಂ ಸಿನಿಮಾ ಸ್ಟುಡಿಯೋದಲ್ಲಿ ಕಾಗದ ಪತ್ರ ತಲುಪಿಸುವ ಹುಡುಗನಾಗಿ ಸೇರಿದ. ಅಲ್ಲಿಂದ ಪ್ರಚಾರ ವಿಭಾಗದ ಕಡೆಗೆ ಕಾಲಿಟ್ಟ. ಯುದ್ಧದ ಕೊನೆಗಾಲದಲ್ಲಿ ವಾಯುದಳದ ಸೇವೆ. ವಾಪಸ್ ಬಂದರೆ ಸ್ಟುಡಿಯೋದಲ್ಲಿ ಖರ್ಚು ಕಡಿತ. ಕೆಲಸ ಹೋಯಿತು.

ಇವತ್ತು ಈ ಅಂಕಣ ಓದುತ್ತಿರುವವರಲ್ಲಿ ಎಷ್ಟು ಜನ 'ಇಂಪಾರ್ಟೆಂಟ್ ಅಪ್‌ಡೇಟ್' ಅನ್ನುವ ಮೀಟಿಂಗ್ ಇನ್ವೈಟ್ ನೋಡಿ ಬೆವರಿದ್ದೀರೋ ನನಗೆ ಗೊತ್ತು. ನಮ್ಮ ಟೀಮಿನಲ್ಲೂ ಹತ್ತೇ ನಿಮಿಷದ ಕಾಲ್‌ನಲ್ಲಿ ನಾಲ್ಕು ಜನರ ಲ್ಯಾಪ್‌ಟಾಪ್ ಲಾಕ್ ಆಗಿತ್ತು. ಹೀಗೆ ಕೆಲಸ ಕಳೆದುಕೊಂಡವರಿಗೆ ಮಾರನೇ ದಿನದಿಂದ ಸಿಗುವ ಉಪದೇಶ ಒಂದೇ, 'ಪ್ಯಾಶನ್ ಫಾಲೋ ಮಾಡು.' ಪೀಟರ್ಸನ್ ಕಥೆಯನ್ನೂ ಆ ಸಾಲಿಗೆ ಸೇರಿಸಿಬಿಡಬಹುದು. ಆದರೆ ನಡೆದದ್ದು ಅಷ್ಟು ಸರಳ ಅಲ್ಲ. ಕೆಲಸ ಹೋದ ಮೇಲೆ ಅವರು ಹೋಗಿ ಕಾರು ಕಟ್ಟಲು ಕೂರಲಿಲ್ಲ. ತನ್ನ ಹಾಗೇ ಸ್ಟುಡಿಯೋದಿಂದ ಹೊರಬಿದ್ದ ಪ್ರಚಾರದವರ ಜೊತೆ ಸೇರಿ ಹಾಲಿವುಡ್ ಪಬ್ಲಿಸಿಟಿ ಅಸೋಸಿಯೇಟ್ಸ್ ಎಂಬ ಸಣ್ಣ ಸಂಸ್ಥೆ ನಡೆಸಿದರು. ಅಂದ್ರೆ, ಬರುತ್ತಿದ್ದ ಕೆಲಸವನ್ನೇ ಮಾಡಿದರು. ಅದರ ಒಂದು ಗುತ್ತಿಗೆಯಾಗಿ ಬಂದದ್ದೇ ಹಾಟ್ ರಾಡ್ ಪ್ರದರ್ಶನ. ಗೊತ್ತಿದ್ದ ವಿದ್ಯೆ ಪ್ರಚಾರ, ಬಾಲ್ಯದಿಂದ ಇಷ್ಟವಿದ್ದದ್ದು ಎಂಜಿನ್. ಎರಡೂ ಒಂದೇ ಮೇಜಿನ ಮೇಲೆ ಬಂದು ಕೂತವು.

ವಾದ ಬೇಡ, ಬಾಗಿಲು ತೆಗೀರಿ

ಟೈಮಿಂಗ್ ಅಸೋಸಿಯೇಷನ್‌ನವರ ಲೆಕ್ಕಾಚಾರ ಹೀಗಿತ್ತು. ಜನ ನಮ್ಮನ್ನು ಪುಂಡರು ಅಂತಾರೆ. ಪೇಪರಿನವರ ಜೊತೆ ಜಗಳ ಆಡಿ ಗೆಲ್ಲೋಕಾಗಲ್ಲ. ಒಂದು ಸಲ ಹತ್ತಿರದಿಂದ ನೋಡಲಿ. ಹೆಂಡತಿ ಮಕ್ಕಳ ಜೊತೆ ಬರಲಿ. ಈ ಬೆಸುಗೆ, ಈ ಬ್ರೇಕು, ಈ ಎಂಜಿನ್ನು ನೋಡಿದರೆ ಇದು ಕುಡಿದು ಓಡಿಸುವವರ ಕೆಲಸವಲ್ಲ, ಕುಶಲಕರ್ಮಿಗಳ ಕೆಲಸ ಅಂತ ಅವರಿಗೇ ಗೊತ್ತಾಗುತ್ತೆ.

ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸಿದ ಭಾಗ ಇದು. ಬೀದಿಯಲ್ಲಿ ರಾತ್ರಿ ಸದ್ದು ಮಾಡುತ್ತಾ ಹೋಗುವ ಕಾರು ಹೆದರಿಸುತ್ತೆ. ಅದೇ ಕಾರು ದೀಪದ ಬೆಳಕಲ್ಲಿ ಸುಮ್ಮನೆ ನಿಂತು, ಪಕ್ಕದಲ್ಲಿ ಅದನ್ನು ಕಟ್ಟಿದ ಹುಡುಗ ಇಸ್ತ್ರಿ ಅಂಗಿ ಹಾಕಿ ನಿಂತು, 'ಬನ್ನಿ ಸರ್, ಇದು ಹೀಗೆ ಕೆಲಸ ಮಾಡುತ್ತೆ' ಅಂದರೆ ಅಲ್ಲಿ ಬೇರೆಯೇ ಸಂಬಂಧ ಹುಟ್ಟುತ್ತೆ. ಪ್ರದರ್ಶನ ಏರ್ಪಡಿಸುವವನು ಮಾಡುವುದು ಇದನ್ನೇ. ಕಾರು ಬದಲಾಗಲ್ಲ, ಅದನ್ನು ನೋಡುವ ದೂರ ಬದಲಾಗುತ್ತೆ.

ಪ್ರದರ್ಶನದ ಕೆಲಸಕ್ಕಾಗಿ ಕಾರಿನವರ ನಡುವೆ ಓಡಾಡುವಾಗ ಪೀಟರ್ಸನ್‌ಗೆ ಒಂದು ವಿಷಯ ಕಾಣಿಸಿತು. ಇಷ್ಟು ಜನ ಇದ್ದಾರೆ, ಇವರಿಗೆ ಅಂತ ಓದಲು ಏನೂ ಇಲ್ಲ. ಗೆಳೆಯ ರಾಬರ್ಟ್ ಲಿಂಡ್ಸೇ ಜೊತೆ ಸೇರಿ ಪತ್ರಿಕೆ ಶುರು ಮಾಡಿದರು. ಮೊದಲ ಸಂಚಿಕೆಯ ಮುಖಪುಟದಲ್ಲಿ ರೆಗ್ ಶ್ಲೆಮ್ಮರ್ ಅವರ ರೋಡ್‌ಸ್ಟರ್. ಎಡ್ಡಿ ಹಲ್ಸ್ ಅದನ್ನು ಎಲ್ ಮಿರಾಜ್‌ನಲ್ಲಿ ಗಂಟೆಗೆ 136 ಮೈಲಿ, ಅಂದ್ರೆ ಸುಮಾರು 219 ಕಿಲೋಮೀಟರ್ ವೇಗದಲ್ಲಿ ಓಡಿಸಿದ್ದರು. ಶೆಡ್ಡಿನಲ್ಲಿ ಕಟ್ಟಿದ ಗಾಡಿ, 1940ರ ದಶಕದಲ್ಲಿ! ನಮ್ಮ ಎಕ್ಸ್‌ಪ್ರೆಸ್‌ವೇ ಮೇಲೆ ಇವತ್ತಿನ ಹೊಸ ಕಾರಿನಲ್ಲಿ 120 ದಾಟಿದರೆ ಹಿಂದಿನ ಸೀಟಿನಿಂದ ಅಮ್ಮನ ಕೂಗು ಕೇಳಿಸುತ್ತೆ.

ಆಮೇಲೆ ಸಂಚಿಕೆ ಬಂದಾಗಲೆಲ್ಲ ರೇಸ್ ನಡೆಯುವ ಕಡೆಗೆ ತಾವೇ ಹೊತ್ತುಕೊಂಡು ಹೋಗಿ ಮಾರಿದರು. ಪತ್ರಿಕೆಯಲ್ಲಿ ಗಾಡಿಗಳ ಚೆಂದದ ಫೋಟೋ ಮಾತ್ರ ಇರಲಿಲ್ಲ. ಹೇಗೆ ಮಾಡುವುದು ಅನ್ನುವ ಬರಹಗಳಿದ್ದವು. ಅಲ್ಲಿಯವರೆಗೆ ಕ್ಯಾಲಿಫೋರ್ನಿಯಾದ ನಾಲ್ಕು ಶೆಡ್ಡಿನೊಳಗಿದ್ದ ವಿದ್ಯೆ ದೂರದ ಹಳ್ಳಿಯ ಹುಡುಗನಿಗೂ ಅಂಚೆಯಲ್ಲಿ ತಲುಪಿತು. ನಮ್ಮ ಕಾಲದ ಓಪನ್ ಸೋರ್ಸ್ ಇದ್ದ ಹಾಗೆ ಅನ್ನಿ. ಜೊತೆಗೆ ಇನ್ನೊಂದು ಲಾಭ. ವಿಕ್ ಎಡೆಲ್‌ಬ್ರಾಕ್ ಅವರಂಥ ಮೆಕ್ಯಾನಿಕ್‌ಗಳು ತಮ್ಮ ಗ್ಯಾರೇಜಿನಲ್ಲಿ ವೇಗದ ಬಿಡಿಭಾಗಗಳನ್ನು ಮಾಡುತ್ತಿದ್ದರು. ಜಾಹೀರಾತು ಕೊಡಲು ಒಂದು ಪತ್ರಿಕೆ ಸಿಕ್ಕ ಮೇಲೆ ಇಂಥವರಿಗೆ ಇಡೀ ದೇಶವೇ ಮಾರುಕಟ್ಟೆ. ಹವ್ಯಾಸ ಉದ್ಯಮವಾದದ್ದು ಹೀಗೆ.

ಬೀದಿಯಿಂದ ಟ್ರ್ಯಾಕಿಗೆ

1949ರಲ್ಲಿ ಟೈಮಿಂಗ್ ಅಸೋಸಿಯೇಷನ್‌ನ ವಾಲಿ ಪಾರ್ಕ್ಸ್ 'ಹಾಟ್ ರಾಡ್' ಸಂಪಾದಕರಾದರು. ಅದೇ ವರ್ಷ ಪೀಟರ್ಸನ್ 'ಮೋಟರ್ ಟ್ರೆಂಡ್' ಆರಂಭಿಸಿದರು. ಇದು ಕಾರು ಕಟ್ಟುವವರಿಗಲ್ಲ, ಷೋರೂಮಿನಲ್ಲಿ ಕಾರು ಕೊಳ್ಳುವವರಿಗೆ.

ಪಾರ್ಕ್ಸ್ ತಲೆಯಲ್ಲಿ ಇನ್ನೂ ದೊಡ್ಡ ಯೋಚನೆ ಇತ್ತು. ಬೀದಿ ರೇಸ್ ತಪ್ಪು ಅಂತ ಹುಡುಗರಿಗೆ ಭಾಷಣ ಕೊಟ್ಟರೆ ಸಾಲದು, ಬದಲಿ ಜಾಗ ಕೊಡಬೇಕು. 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಹುಟ್ಟಿತು, 'ಹಾಟ್ ರಾಡ್' ಪತ್ರಿಕೆಯ ಬೆನ್ನ ಬಲದಿಂದ. ಕಾಲು ಮೈಲಿಯ ನೇರ ದಾರಿ, ಅಂದ್ರೆ ಸುಮಾರು 402 ಮೀಟರ್. ಇಬ್ಬರು ನಿಂತಲ್ಲಿಂದ ಹೊರಡಬೇಕು, ಮೊದಲು ಮುಟ್ಟಿದವನು ಗೆದ್ದ. 1953ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಸಂಸ್ಥೆಯ ಮೊದಲ ಅಧಿಕೃತ ಸ್ಪರ್ಧೆ. ಮರುವರ್ಷ ನಾಲ್ವರು ಒಂದು ಕಾರು, ಹಿಂದೊಂದು ಟ್ರೇಲರ್ ಕಟ್ಟಿಕೊಂಡು ದೇಶ ಸುತ್ತಿದರು. ಊರೂರಿಗೆ ಹೋಗಿ, ಕ್ಲಬ್‌ನವರನ್ನು, ಪೊಲೀಸರನ್ನು, ಊರ ಹಿರಿಯರನ್ನು ಒಟ್ಟಿಗೆ ಕೂರಿಸಿ, ಸುರಕ್ಷಿತವಾಗಿ ರೇಸ್ ನಡೆಸುವುದು ಹೇಗೆ ಅಂತ ಮಾಡಿ ತೋರಿಸಿದರು. ಹೆಸರು 'ಸೇಫ್ಟಿ ಸಫಾರಿ'.

ಇತ್ತ ಪ್ರದರ್ಶನಗಳೂ ಬೆಳೆದವು. 1950ರಲ್ಲಿ ಓಕ್ಲೆಂಡ್‌ನಲ್ಲಿ ಅಲ್ ಸ್ಲೋನೇಕರ್ ಎಂಬವರು ನ್ಯಾಷನಲ್ ರೋಡ್‌ಸ್ಟರ್ ಷೋ ನಡೆಸಿ, 'ಅಮೆರಿಕದ ಅತ್ಯಂತ ಸುಂದರ ರೋಡ್‌ಸ್ಟರ್' ಎಂಬ ಬಹುಮಾನ ಇಟ್ಟರು. ಟ್ರೋಫಿಯ ಎತ್ತರ ಒಂಬತ್ತು ಅಡಿ, ಗೆದ್ದವನಿಗಿಂತ ದೊಡ್ಡದು. ಮೊದಲ ವರ್ಷ ಬಿಲ್ ನೀಕ್ಯಾಂಪ್ ಗೆದ್ದರು. 1955ರಲ್ಲಿ ಇಬ್ಬರಿಗೆ ಹಂಚಿದರು. ಅವರಲ್ಲೊಬ್ಬರು ಫ್ರೆಸ್ನೋ ಕಡೆಯ ಅರ್ಮೇನಿಯನ್ ಮೂಲದ ಬ್ಲ್ಯಾಕಿ ಗೆಜೇಯನ್. ಕಾರಿನ ಹೊಟ್ಟೆಯಡಿಯ ಭಾಗಗಳಿಗೂ ಕ್ರೋಮ್ ಹಾಕಿಸಿದ್ದ ಆಸಾಮಿ. ಯಾರಿಗೂ ಕಾಣದ ಕಡೆಯೂ ಹೊಳೆಯಬೇಕು ಅನ್ನುವ ಹಟ. ಮುಂದೆ ಅವರೇ ಫ್ರೆಸ್ನೋದಲ್ಲಿ 'ಆಟೋರಾಮಾ' ಪ್ರದರ್ಶನವನ್ನು ಸುಮಾರು ಅರ್ಧ ಶತಮಾನ ನಡೆಸಿದರು. ಯಾವ ಕಾರು ಬರಬೇಕು ಅಂತ ತಾವೇ ಹುಡುಕಿ, ಆರಿಸಿ, ಕರೆದು. 2016ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಇವರೆಲ್ಲರ ಹೆಸರು ಯಾಕೆ ಹೇಳಿದೆ ಅಂದ್ರೆ, ಪೀಟರ್ಸನ್ ಒಬ್ಬರೇ ಎಲ್ಲ ಮಾಡಿದರು ಅಂತಲ್ಲ. ಅವರ ಪತ್ರಿಕೆ ಈ ಚದುರಿದ ಜನರ ನಡುವಿನ ದಾರಿಯಾಯಿತು. ಮುಂದೆ ಅವರ ಸಂಸ್ಥೆಯಿಂದ 'ಕಾರ್ ಕ್ರಾಫ್ಟ್', ಹದಿಹರೆಯದವರಿಗೆ 'ಟೀನ್', ಬೇಟೆ ಬಂದೂಕಿನವರಿಗೆ 'ಗನ್ಸ್ ಅಂಡ್ ಆಮೋ' ಹೀಗೆ ಪತ್ರಿಕೆಗಳ ಸಾಲೇ ಬಂತು. ಸೂತ್ರ ಮಾತ್ರ ಒಂದೇ. ಒಂದು ಹುಚ್ಚಿರುವ ಜನರನ್ನು ಹುಡುಕು, ಅವರದೇ ಭಾಷೆಯಲ್ಲಿ ಮಾತಾಡು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಶೂಟಿಂಗ್ ವಿಭಾಗದ ಹೊಣೆಯನ್ನೂ ಹೊತ್ತಿದ್ದರು.

1975

ಇಲ್ಲಿಯವರೆಗೆ ಓದಿದರೆ ಇದು ಯಶಸ್ಸಿನ ಕಥೆ. ಲಿಂಕ್ಡ್‌ಇನ್‌ನಲ್ಲಿ ಹಾಕಿದರೆ ಸಾವಿರ ಲೈಕು.

ಪೀಟರ್ಸನ್ 1963ರಲ್ಲಿ ಮಾರ್ಜಿ ಅವರನ್ನು ಮದುವೆಯಾಗಿದ್ದರು. ಇಬ್ಬರು ಗಂಡುಮಕ್ಕಳು, ಬಾಬಿ ಮತ್ತು ರಿಚಿ. 1975ರಲ್ಲಿ ಕೊಲೊರಾಡೋದಲ್ಲಿ ನಡೆದ ವಿಮಾನ ಅಪಘಾತದಲ್ಲಿ ಇಬ್ಬರೂ ಹೋದರು. ಒಬ್ಬನಿಗೆ ಹತ್ತು ವರ್ಷ, ಇನ್ನೊಬ್ಬನಿಗೆ ಒಂಬತ್ತು.

ಈ ಸಾಲು ಬರೆದು ಮುಂದೇನು ಬರೆಯಬೇಕು ಅಂತ ತೋಚದೆ ಬಹಳ ಹೊತ್ತು ಕೂತೆ. ಹತ್ತು ವರ್ಷಕ್ಕೆ ಅಮ್ಮನನ್ನು ಕಳೆದುಕೊಂಡವನು, ಐವತ್ತರ ಹೊಸ್ತಿಲಲ್ಲಿ ಹತ್ತು ವರ್ಷದ ಮಗನನ್ನೂ ಅವನ ತಮ್ಮನನ್ನೂ ಕಳೆದುಕೊಂಡ. ಅದರಿಂದ ಅವರು ಏನು ಕಲಿತರು ಅಂತ ಪಾಠ ಹೇಳುವುದು ನನ್ನಿಂದಾಗಲ್ಲ. ಅಂಥ ಪಾಠ ಯಾರಿಗೂ ಬೇಡ. ನನಗೆ ಗೊತ್ತಿರುವುದು ಆಮೇಲೆ ನಡೆದದ್ದು ಮಾತ್ರ. ಗಂಡ ಹೆಂಡತಿ ಇಬ್ಬರೂ ಕೊನೆಯವರೆಗೆ ಒಟ್ಟಿಗಿದ್ದರು. ಮಕ್ಕಳ ಕ್ಲಬ್‌ಗಳಿಗೆ, ದಾನಧರ್ಮದ ಕೆಲಸಗಳಿಗೆ ಸಮಯ, ದುಡ್ಡು ಎರಡನ್ನೂ ಕೊಟ್ಟರು. ಕೊನೆಗೊಂದು ಮ್ಯೂಸಿಯಂ ಕಟ್ಟಿದರು.

ವಿಲ್‌ಶೈರ್ ರಸ್ತೆಯ ಮೂಲೆ

ಪೀಟರ್ಸನ್ ಆಟೋಮೋಟಿವ್ ಮ್ಯೂಸಿಯಂ ತೆರೆದದ್ದು 1994ರ ಜೂನ್ 11ರಂದು, ಲಾಸ್ ಏಂಜಲೀಸ್‌ನ ವಿಲ್‌ಶೈರ್ ಮತ್ತು ಫೇರ್‌ಫ್ಯಾಕ್ಸ್ ರಸ್ತೆಗಳು ಕೂಡುವ ಮೂಲೆಯಲ್ಲಿ. 1962ರಲ್ಲಿ ಕಟ್ಟಿದ್ದ ಹಳೇ ಡಿಪಾರ್ಟ್‌ಮೆಂಟ್ ಸ್ಟೋರ್ ಕಟ್ಟಡ. ಮೊದಲಿಗೆ ಅದು ಲಾಸ್ ಏಂಜಲೀಸ್ ಕೌಂಟಿಯ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಒಂದು ಅಂಗ. ಆ ಮ್ಯೂಸಿಯಂ ಇರುವುದು ಎಲ್ಲಿ ಗೊತ್ತಾ? ಎಕ್ಸ್‌ಪೊಸಿಷನ್ ಪಾರ್ಕ್‌ನಲ್ಲಿ. 1948ರಲ್ಲಿ ಪತ್ರಿಕೆ ಮಾರಿದ ಅದೇ ಪಾರ್ಕು. 2000ದಲ್ಲಿ ಪೀಟರ್ಸನ್ ದಂಪತಿ ಕೊಟ್ಟ ದೊಡ್ಡ ಮೊತ್ತದಿಂದ ಕಾರು ಮ್ಯೂಸಿಯಂ ಸ್ವತಂತ್ರವಾಯಿತು.

ಆನ್‌ಸೈಟ್ ಅಂತ ಒಂದೂವರೆ ತಿಂಗಳು ಆ ಕಡೆ ಹೋಗಿದ್ದಾಗ ಒಂದು ಶನಿವಾರ ನಾನೂ ಹೋಗಿದ್ದೆ. 2015ರ ಕೊನೆಯಲ್ಲಿ ಹೊಸ ರೂಪ ಕೊಟ್ಟ ಕಟ್ಟಡ, ಕೆಂಪು ಗೋಡೆಯ ಸುತ್ತ ಸ್ಟೀಲ್ ಪಟ್ಟಿಗಳು ಗಾಳಿಗೆ ಹಾರುತ್ತಿರುವ ಹಾಗೆ. ಒಳಗೆ ಕೋಟಿಗಟ್ಟಲೆ ಬೆಲೆಯ ಕಾರುಗಳಿದ್ದವು, ಸಿನಿಮಾದಲ್ಲಿ ನೋಡಿದವೂ ಇದ್ದವು. ಆದರೆ ನಾನು ಬಹಳ ಹೊತ್ತು ನಿಂತದ್ದು ಒಂದು ಹಾಟ್ ರಾಡ್ ಮುಂದೆ. ಎಂಜಿನ್ ಬರಿಮೈಯಲ್ಲಿ ನಿಂತಿದೆ, ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅನ್ನುವುದು ಹೊರಗಿನಿಂದಲೇ ಓದಬಹುದು. ಇವತ್ತಿನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಒಂದು ಪ್ಲಾಸ್ಟಿಕ್ ಮುಚ್ಚಳ. ಪಕ್ಕದಲ್ಲಿ ಒಬ್ಬ ಅಜ್ಜ ಮೊಮ್ಮಗಳಿಗೆ ಕಾರ್ಬುರೇಟರ್ ತೋರಿಸಿ ಏನೋ ವಿವರಿಸುತ್ತಿದ್ದರು. ಅವಳಿಗೆ ಆರೋ ಏಳೋ ವರ್ಷ ಇರಬಹುದು. ಅರ್ಥ ಆಗುತ್ತಿತ್ತೋ ಇಲ್ಲವೋ, ಬಾಯಿ ತೆರೆದು ಕೇಳುತ್ತಿದ್ದಳು. ಹೋಟೆಲಿಗೆ ವಾಪಸ್ ಬಂದು ಈ ಮನುಷ್ಯನ ಬಗ್ಗೆ ಓದಿದಾಗಲೇ 1975ರ ವಿಷಯ ಗೊತ್ತಾಗಿದ್ದು. ಆ ಮೇಲೆ ಆ ಅಜ್ಜ ಮೊಮ್ಮಗಳ ಚಿತ್ರ ಬೇರೆಯದೇ ಆಗಿ ಉಳಿಯಿತು.

ಪೀಟರ್ಸನ್ 1996ರಲ್ಲಿ ತಮ್ಮ ಪ್ರಕಾಶನ ಸಂಸ್ಥೆಯನ್ನು ಮಾರಿದರು. 2007ರ ಮಾರ್ಚ್ 23ರಂದು, 80ನೇ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಾಲಿ ಪಾರ್ಕ್ಸ್ ಕೂಡ ಹೋದರು, ಅವರಿಗೆ 94. ಮಾರ್ಜಿ 2011ರಲ್ಲಿ.

ಪತ್ರಿಕೆಗಳ ಗತಿ ಏನಾಯಿತು ಅಂತ ಕೇಳಬೇಕಲ್ಲ. ಕೈಯಿಂದ ಕೈಗೆ ದಾಟಿದವು. 2019ರ ಡಿಸೆಂಬರ್‌ನಲ್ಲಿ ಆಗಿನ ಮಾಲೀಕರು ತಮ್ಮ 22 ಪತ್ರಿಕೆಗಳಲ್ಲಿ 19ರ ಮುದ್ರಣ ನಿಲ್ಲಿಸುವುದಾಗಿ ಹೇಳಿದರು. 'ಕಾರ್ ಕ್ರಾಫ್ಟ್' ಆ ಪಟ್ಟಿಯಲ್ಲಿತ್ತು. ಉಳಿಸಿಕೊಂಡ ಮೂರರಲ್ಲಿ 'ಹಾಟ್ ರಾಡ್' ಒಂದು. ನೀವು ಈ ಅಂಕಣವನ್ನು ಫೋನಿನಲ್ಲಿ ಓದುತ್ತಿದ್ದೀರಿ, ಹಾಗಾಗಿ ಮುದ್ರಣದ ಕಷ್ಟ ನಾನು ಬಿಡಿಸಿ ಹೇಳಬೇಕಿಲ್ಲ. ಓಕ್ಲೆಂಡ್‌ನ ಆ ರೋಡ್‌ಸ್ಟರ್ ಷೋ ಮಾತ್ರ ಈಗ ಪೊಮೋನಾದಲ್ಲಿ ನಡೆಯುತ್ತೆ. ಒಂಬತ್ತು ಅಡಿಯ ಬಹುಮಾನಕ್ಕೆ ಈಗಲೂ ಪೈಪೋಟಿ.

ನಮ್ಮ ಕಡೆಯ ಮಾತು

ಒಂದು ಎಚ್ಚರಿಕೆ. ಇದನ್ನೋದಿ ಉತ್ಸಾಹ ಬಂದು ನಾಳೆಯೇ ಗಾಡಿಯ ಸೈಲೆನ್ಸರ್ ಕಿತ್ತು ಹಾಕಬೇಡಿ. ನಮ್ಮ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿಯ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಹೆದ್ದಾರಿಯಲ್ಲಿ ವೀಲಿ ಮಾಡುವ ಹುಡುಗರನ್ನು ನೋಡಿದರೆ ನನಗೂ ಸಿಟ್ಟೇ ಬರುತ್ತೆ. ಪಕ್ಕದಲ್ಲಿ ಸ್ಕೂಟರ್ ಮೇಲೆ ಮಗುವನ್ನು ಕೂರಿಸಿಕೊಂಡು ಹೋಗುವವರಿಗೂ ಆ ರಸ್ತೆ ಸೇರಿದ್ದು.

ಆದರೆ ಆ ಹುಡುಗನ ಕೈಯಲ್ಲಿ ವಿದ್ಯೆಯೂ ಇದೆ, ಅದಕ್ಕೆ ನಾವು ಯಾವ ಜಾಗ ಕೊಟ್ಟಿದ್ದೇವೆ ಅನ್ನುವ ಪ್ರಶ್ನೆ ಉಳಿಯುತ್ತೆ. ಎಂಜಿನಿಯರಿಂಗ್ ಕಾಲೇಜಿನವರಿಗೆ ಬಾಹಾ ಥರದ ಸ್ಪರ್ಧೆಗಳಿವೆ. ತಾವೇ ಚಾಸಿಸ್ ಬೆಸೆದು, ಮಣ್ಣು ಗುಂಡಿಯಲ್ಲಿ ಓಡಿಸಿ, ತೀರ್ಪುಗಾರರ ಎದುರು ಲೆಕ್ಕ ಒಪ್ಪಿಸಬೇಕು. ಕಾಲೇಜಿಗೆ ಹೋಗದೆ ಗ್ಯಾರೇಜಿನಲ್ಲಿ ಕೆಲಸ ಕಲಿತವನಿಗೆ ಏನಿದೆ?

ನನ್ನ ಸ್ನೇಹಿತನೊಬ್ಬ ಹಳೇ ಬೈಕ್‌ಗಳ ಹುಚ್ಚಿನವನು. ಅವನ ಮಾವನ ಯೆಜ್ಡಿಯನ್ನು ನಟ್ಟು ಬೋಲ್ಟ್ ಸಮೇತ ಬಿಚ್ಚಿ, ಕಂಪನಿಯಿಂದ ಬಂದ ಹಾಗೆ ನಿಲ್ಲಿಸಿದ್ದಾನೆ. ಮೈಸೂರಿನ ಆ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು, ಬಿಡಿಭಾಗಕ್ಕೆ ಊರೂರು ಅಲೆಯಬೇಕು. ಇಂಥವರನ್ನು ಸೇರಿಸಿ ವರ್ಷಕ್ಕೊಂದು ಸಲ ಸಣ್ಣ ಮೇಳ ಮಾಡುತ್ತಾನೆ. ಕಲ್ಯಾಣ ಮಂಟಪದ ಪಕ್ಕದ ಖಾಲಿ ಜಾಗಕ್ಕೆ ಬಾಡಿಗೆ ಮಾತಾಡುವುದು, ಠಾಣೆಗೆ ಹೋಗಿ ಅನುಮತಿ ಪತ್ರ ಕೊಡುವುದು, ಶಾಮಿಯಾನ, ಕುಡಿಯುವ ನೀರು, ಉಪ್ಪಿಟ್ಟು ಕೇಸರಿಬಾತು, ಸಂಜೆ ಕಸ ಎತ್ತಿಸುವುದು. ಎಲ್ಲ ಮುಗಿದು ಲೆಕ್ಕ ನೋಡಿದರೆ ಅವನದೇ ಜೇಬಿನಿಂದ ಒಂದಿಷ್ಟು ಹೋಗಿರುತ್ತೆ.

'ಏನ್ ಸಿಗುತ್ತೋ ಮಾರಾಯ ಇದ್ರಲ್ಲಿ?' ಅಂತ ಒಂದ್ಸಲ ಕೇಳಿದ್ದೆ.

'ಹೋದ ವರ್ಷ ಪಕ್ಕದ ಬೀದಿ ಮೇಷ್ಟ್ರು ಬಂದಿದ್ರು ಕಣೋ. ಸದ್ದು ಜಾಸ್ತಿ ಅಂತ ಬೈಯೋಕೆ. ಅರ್ಧ ಗಂಟೆ ನಿಂತು ನೋಡಿ, ಅವರು ಕಾಲೇಜಿಗೆ ಹೋಗ್ತಿದ್ದ ಜಾವಾ ಕಥೆ ಹೇಳಿ ಹೋದ್ರು. ಈ ಸಲ ಮೊಮ್ಮಗನ್ನ ಕರ್ಕೊಂಡು ಬರ್ತಾರಂತೆ.'

ನಮ್ಮ ಪ್ರತಿ ಗುಂಪಿನಲ್ಲೂ ಇಂಥವನೊಬ್ಬ ಇರ್ತಾನೆ. ಟ್ರೆಕ್ಕಿಂಗ್ ಗುಂಪಾಗಲಿ, ಭಾನುವಾರದ ಕ್ರಿಕೆಟ್ ಆಗಲಿ, ಅಪಾರ್ಟ್‌ಮೆಂಟಿನ ರಾಜ್ಯೋತ್ಸವವಾಗಲಿ. ನಾವೆಲ್ಲ ಹೋಗಿ ಫೋಟೋ ಹಾಕ್ತೀವಿ. ಅವನು ಕುರ್ಚಿ ಎಣಿಸ್ತಿರ್ತಾನೆ. ಹಾಟ್ ರಾಡ್ ಪುಂಡರ ಆಟವೆಂಬ ಹೆಸರು ಕಳಚಿ ಮ್ಯೂಸಿಯಂ ಸೇರಿದ್ದರಲ್ಲಿ ವೇಗದ ಕಾರು ಕಟ್ಟಿದವರ ಪಾಲು ಎಷ್ಟಿದೆಯೋ, ಹಾಲ್ ಗೊತ್ತುಮಾಡಿ, ಜನ ಕರೆದು, ಮೆಟ್ಟಿಲ ಮೇಲೆ ನಿಂತು ಪತ್ರಿಕೆ ಮಾರಿದವರ ಪಾಲೂ ಅಷ್ಟೇ ಇದೆ.

ನಿಮ್ಮ ಗುಂಪಿನ ಆ ವ್ಯಕ್ತಿ ಈ ವಾರ ವಾಟ್ಸಾಪ್‌ನಲ್ಲಿ 'ಯಾರ್ಯಾರು ಬರ್ತೀರಿ, ಇವತ್ತೇ ಹೇಳಿ' ಅಂತ ಮೆಸೇಜ್ ಹಾಕಿದ್ದರೆ, ದಯವಿಟ್ಟು ನೀಲಿ ಟಿಕ್ ಬೀಳಿಸಿ ಸುಮ್ಮನಿರಬೇಡಿ. ಬರ್ತೀನಿ ಅಂತ ಹಾಕಿ. ಆಗುವುದಾದರೆ ಒಂದು ಗಂಟೆ ಮುಂಚೆ ಹೋಗಿ, ಕುರ್ಚಿ ಹಾಕೋಕೆ ಕೈ ಜೋಡಿಸಿ.